ಕ್ಯಾರಿಯ ಮರಗಳಲ್ಲಿ ನಮ್ಮ ಮೆಚ್ಚಿನವು

(ಕನ್ನಡ ಕೂಟದಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ಹೊರನಾಡಿನ ಕನ್ನಡಿಗರು ತಮ್ಮ ಕೂಟಗಳಿಗೆ ನಾಮಕರಣ ಮಾಡುವಾಗ ನದಿಗಳನ್ನೂ ಗಿಡಮರಗಳನ್ನೂ ನೆನೆಯುವುದು ವಾಡಿಕೆ. ವಾಷಿಂಗ್ಟನ್ನಿನವರು ‘ಕಾವೇರಿ’ ಎಂದರು, ನ್ಯೂ ಇಂಗ್ಲೆಂಡಿನವರು ‘ಮಂದಾರ’ ಎಂದರು, ಫ್ಲಾರಿಡಾದವರು ‘ಶ್ರೀಗಂಧ’ವೆಂದರು, ನಮ್ಮ ಉತ್ತರ ಕೆರೊಲೈನಾದ ಕನ್ನಡಿಗರು ‘ಸಂಪಿಗೆ’ಯನ್ನು ಆರಿಸಿಕೊಂಡರು. ಕೂಟದ ಹೆಸರಿಗೆ ಮರ ಬೇಕೆನಿಸಿದ ನಮಗೆ ಮನೆಯ ಮುಂದೆ ನಿಂತಿರುವ ಮರದ ಹೆಸರು ಮಾತ್ರ ತಿಳಿದಿರುವುದಿಲ್ಲ. ಮಕ್ಕಳು ಕೇಳಿದರೆ ‘ಯಾವುದೋ ಮೇಪಲ್ ಇರಬೇಕು’ ಎಂದು ಜಾರಿಕೊಳ್ಳುತ್ತೇವೆ.

ಇದು ಕೇವಲ ತಿಳಿವಳಿಕೆಯ ಕೊರತೆಯಾಗಿದ್ದರೆ ಅದಕ್ಕಾಗಿ ತಮ್ಮ ಒಂದು ಸಂಜೆಯನ್ನು ಬೇಡುತ್ತಿರಲಿಲ್ಲ. 1980ರ ಜನಗಣತಿಯಲ್ಲಿ ಕ್ಯಾರಿಯ ಜನಸಂಖ್ಯೆ ಸುಮಾರು 22,000; 2020ರ ವೇಳೆಗೆ ಅದು 1,74,000ವನ್ನು ದಾಟಿತ್ತು. ಈ ಹೆಚ್ಚಳದಲ್ಲಿ ನಮ್ಮ ಪಾಲೂ ಇದೆ. ನಮ್ಮಲ್ಲಿ ಬಹುಮಂದಿಯ ಮನೆಗಳು ಎದ್ದಿರುವ ನೆಲದಲ್ಲಿ ಮೊದಲು ಕಾಡಿತ್ತು, ಇಲ್ಲವೆ ಹೊಲವಿತ್ತು. ಹೆಸರು ತಿಳಿಯದ ಮರವನ್ನು ಕಡಿಸಲು ಮನಸ್ಸು ಬೇಗನೆ ಒಪ್ಪುತ್ತದೆ. ಬಂಧುವೆಂದು ತಿಳಿದ ಮೇಲೆ ಅಷ್ಟು ಬೇಗ ಒಪ್ಪುವುದಿಲ್ಲ. ಇಲ್ಲಿಯ ಮರಗಳಲ್ಲಿ ಹಲವು ನಮ್ಮ ಊರಿನ ಮರಗಳಿಗೆ ಬಂಧುಗಳು. ಈ ಮಾತನ್ನು ಸಸ್ಯಶಾಸ್ತ್ರದ ಅರ್ಥದಲ್ಲಿಯೇ ಹೇಳುತ್ತಿದ್ದೇವೆ.

ಮರಗಳನ್ನು ಸಾಲಾಗಿ ನಿಲ್ಲಿಸಿ ಒಂದನೆಯದು, ಎರಡನೆಯದು ಎನ್ನುವುದು ಪಂಕ್ತಿಭೇದವೇ ಸರಿ. ಆದರೂ ಮೆಚ್ಚುಗೆಯೆಂದ ಮೇಲೆ ಸ್ವಲ್ಪ ಪಂಕ್ತಿಭೇದ ತಪ್ಪದು. ನಮ್ಮ ಪಟ್ಟಿಗೆ ಎರಡೇ ನಿಯಮಗಳು. ಮರವು ಕ್ಯಾರಿಯಲ್ಲೋ ಅದರ ಆಸುಪಾಸಿನಲ್ಲೋ ನೋಡಸಿಗಬೇಕು. ಚಳಿಗಾಲವನ್ನು ಹೊರಗೆ ನಿಂತೇ ಕಳೆಯಬೇಕು. ಆದ್ದರಿಂದ ಆಲ, ಅರಳಿ, ಮಾವುಗಳಿಗೆ ಪ್ರವೇಶವಿಲ್ಲ. ನವೆಂಬರಿನಲ್ಲಿ ಗ್ಯಾರೇಜಿನೊಳಕ್ಕೆ ಹೊತ್ತೊಯ್ಯುವ ಕರಿಬೇವಿನ ಕುಂಡವೂ ಅನರ್ಹ; ಅದರ ಮೇಲಿನ ಪ್ರೀತಿಯಲ್ಲಿ ನಾವು ಯಾರಿಗೂ ಕಡಮೆಯಲ್ಲವಾದರೂ.

ಐದನೆಯ ಸ್ಥಾನ ಪೈನ್ ಮರಕ್ಕೆ. ಇದು ಮೆಚ್ಚುಗೆಗಿಂತ ಹೆಚ್ಚಾಗಿ ಋಣಸಂದಾಯ. 1854ರಲ್ಲಿ ಇಲ್ಲಿ ಜಮೀನು ಕೊಂಡು ಊರಿಗೆ ಬುನಾದಿ ಹಾಕಿದ ಫ್ರಾಂಕ್ ಪೇಜ್ ಮರದ ವ್ಯಾಪಾರಿ. ಅವನು ಮರ ಕೊಯ್ಯುವ ಕಾರ್ಖಾನೆಯನ್ನೂ ನಡೆಸಿದವನು. ಅವನು ಕಟ್ಟಿಸಿದ ಹೋಟೆಲಿನ ಕಟ್ಟಡ ಇಂದು ಕಲೆ ಮತ್ತು ಇತಿಹಾಸದ ಕೇಂದ್ರವಾಗಿದೆ. ಈ ರಾಜ್ಯದವರಿಗೆ ‘ಟಾರ್ ಹೀಲ್’, ಎಂದರೆ ಟಾರು ಮೆತ್ತಿದ ಹಿಮ್ಮಡಿಯವರು, ಎಂಬ ಅಡ್ಡಹೆಸರು ಬಂದದ್ದೂ ನೀಳಸೂಜಿಯ ಪೈನ್ ಮರಗಳಿಂದ ಇಳಿಸಿದ ಟಾರು, ಟರ್ಪೆಂಟೈನ್‌ಗಳ ವ್ಯಾಪಾರದಿಂದಲೇ. 1963ರಲ್ಲಿ ಪೈನ್ ರಾಜ್ಯವೃಕ್ಷವಾಯಿತು. ನಮ್ಮ ಹಿತ್ತಿಲುಗಳಲ್ಲಿ ಸಾಮಾನ್ಯವಾಗಿ ಕಾಣುವುದು ಲಾಬ್ಲಾಲಿ ಪೈನ್. ಅದರ ಸೂಜಿಗಳು ದರ್ಭೆಯ ಹಾಗೆ ಮೂರು ಮೂರಾಗಿ ಒಂದೇ ಬುಡದಲ್ಲಿ ಕಟ್ಟಿಕೊಂಡಿರುತ್ತವೆ. ವಸಂತದಲ್ಲಿ ಅದು ಸುರಿಸುವ ಪರಾಗದಿಂದ ಊರಿನ ಕಾರುಗಳೆಲ್ಲ ಅರಿಸಿನ ಪೂಸಿಕೊಂಡ ಮದುವಣಿಗರಾಗುವುದನ್ನು ತಾವೆಲ್ಲ ಕಂಡಿದ್ದೀರಿ. ಸೀನು ಬಂದರೆ ಎಲ್ಲರೂ ಶಪಿಸುವುದು ಈ ಪೈನನ್ನೇ. ಆದರೆ ಅದರ ಪರಾಗ ದೊಡ್ಡದು, ಮೇಣ ಲೇಪಿಸಿದಂಥದು. ಅಲರ್ಜಿಯನ್ನು ಉಂಟುಮಾಡುವುದು ವಿರಳ. ಅದೇ ವಾರಗಳಲ್ಲಿ ಕಣ್ಣಿಗೆ ಕಾಣದಂತೆ ಹಾರುವ ಓಕ್ ಪರಾಗವೇ ಬಹುಮಟ್ಟಿಗೆ ಅಪರಾಧಿ. ಕಣ್ಣಿಗೆ ಬಿದ್ದವನಿಗೆ ಶಿಕ್ಷೆಯಾಗುವುದು ಮರಗಳ ಲೋಕದಲ್ಲಿಯೂ ಉಂಟು.

ನಾಲ್ಕನೆಯದು ಕ್ರೇಪ್ ಮರ್ಟಲ್. ಜುಲೈ, ಆಗಸ್ಟಿನ ಸುಡುಬಿಸಿಲಿನಲ್ಲಿ ಉಳಿದ ಮರಗಳು ಹೂವಿನ ಮಾತನ್ನೇ ಮರೆತಿರುವಾಗ ರಸ್ತೆಗಳ ಉದ್ದಕ್ಕೂ ಗುಲಾಬಿ, ಕೆನ್ನೀಲಿ, ಬಿಳಿ ಗೊಂಚಲುಗಳನ್ನು ಹೊತ್ತು ನಿಲ್ಲುವ ಮರವಿದು. ಹೂವಿನ ದಳ ಇಸ್ತ್ರಿ ಕಾಣದ ರೇಷ್ಮೆಯಂತೆ ಮುದುಡಿರುತ್ತದೆ. ತೊಗಟೆ ಸುಲಿದು ಬಿದ್ದ ಮೇಲೆ ಕಾಂಡ ನುಣುಪಾಗಿ, ಬಣ್ಣಬಣ್ಣದ ಮಚ್ಚೆಗಳಿಂದ ಕಂಗೊಳಿಸುತ್ತದೆ. ಮಲೆನಾಡಿನವರು ಈ ಕಾಂಡವನ್ನು ನೋಡಿದೊಡನೆ ಏನನ್ನೋ ನೆನೆಯಬೇಕು. ನಮ್ಮ ಕಾಡುಗಳ ನಂದಿ ಮರವೂ ಹೀಗೆಯೇ ತೊಗಟೆ ಕಳಚಿ ಬೆಳ್ಳಗೆ ನಿಲ್ಲುತ್ತದೆ. ನಂದಿ, ನೀರಿನ ದಡದ ಹೊಳೆದಾಸವಾಳ, ಈ ಕ್ರೇಪ್ ಮರ್ಟಲ್ ಮೂರೂ ಲಾಗರ್‌ಸ್ಟ್ರೋಮಿಯ ಎಂಬ ಒಂದೇ ಕುಲಕ್ಕೆ ಸೇರಿದವು. ಸ್ವೀಡಿಷ್ ಈಸ್ಟ್ ಇಂಡಿಯಾ ಕಂಪೆನಿಯ ನಿರ್ದೇಶಕನಾಗಿದ್ದ ಲಾಗರ್‌ಸ್ಟ್ರೋಮನ ಹೆಸರನ್ನು ಲಿನೇಯಸ್ ಈ ಕುಲಕ್ಕಿಟ್ಟನು. ಕ್ರೇಪ್ ಮರ್ಟಲ್ ಏಷ್ಯಾದಿಂದ ಬಂದ ಮರ. 1780ರ ದಶಕದಲ್ಲಿ ಚಾರ್ಲ್‌ಸ್ಟನ್ನಿನ ಬಳಿ ಸಸ್ಯತೋಟ ಮಾಡಿದ ಫ್ರೆಂಚ್ ವಿಜ್ಞಾನಿ ಆಂದ್ರೆ ಮಿಶೋ ಅದನ್ನು ಇಲ್ಲಿಗೆ ತಂದನೆಂದು ಹೇಳುತ್ತಾರೆ. ಎಂದರೆ ಇದು ನಮಗಿಂತ ಎರಡು ಶತಮಾನ ಮೊದಲೇ ಬಂದು ನೆಲೆಯೂರಿದ ನೆಂಟ. ಚಳಿಗಾಲದಲ್ಲಿ ಇದರ ಕೊಂಬೆಗಳನ್ನೆಲ್ಲ ತರಿದು ಮೋಟುಗೈಗಳನ್ನು ಉಳಿಸುವ ಪದ್ಧತಿಯೊಂದು ಇಲ್ಲಿ ಹಬ್ಬಿದೆ. ಮರಕ್ಕೆ ಅದರ ಅಗತ್ಯವಿಲ್ಲ; ತೋಟದ ಕೆಲಸದವರಿಗೆ ಮೊದಲೇ ಹೇಳಿಟ್ಟರೆ ಒಳ್ಳೆಯದು.

ವಸಂತದಲ್ಲಿ ಬೆಳ್ಳಗೆ ಅರಳುವ ಡಾಗ್‌ವುಡ್ಡನ್ನು ಏಕೆ ಬಿಟ್ಟಿರೆಂದು ಕೇಳುವವರುಂಟು. 1941ರಿಂದ ಅದರ ಹೂವು ರಾಜ್ಯಪುಷ್ಪವಾಗಿದೆ. ಅಷ್ಟು ಮನ್ನಣೆ ಪಡೆದದ್ದಕ್ಕೆ ನಮ್ಮ ಮೂರನೆಯ ಸ್ಥಾನ ಏತಕ್ಕೆ?

ಆ ಸ್ಥಾನವನ್ನು ರೆಡ್‌ಬಡ್ಡಿಗೆ ಕೊಟ್ಟಿದ್ದೇವೆ. ಯುಗಾದಿಯ ಆಸುಪಾಸಿನಲ್ಲಿ, ಎಲೆ ಚಿಗುರುವ ಮೊದಲೇ, ಬರಿಯ ಕೊಂಬೆಗಳ ಮೇಲೂ ಕಾಂಡದ ಮೇಲೂ ಇದು ಕೆನ್ನೇರಳೆಯ ಹೂಗಳನ್ನು ತಳೆಯುತ್ತದೆ. ಕಾಂಡದಿಂದಲೇ ಹೂ ಹೊಮ್ಮುವ ಕ್ರಮ ಹಲಸನ್ನೂ ಅತ್ತಿಯನ್ನೂ ಬಲ್ಲ ನಮಗೆ ಹೊಸದಲ್ಲ; ಈ ಚಳಿಯ ನಾಡಿನಲ್ಲಿ ಮಾತ್ರ ಅದು ಅಪರೂಪ. ಹೃದಯಾಕಾರದ ಎಲೆ, ಚಪ್ಪಟೆಯ ಕೋಡು. ಮಂದಾರ, ಕಂಚುವಾಳ, ಬಸವನಪಾದ ಎಂದು ನಾವು ಕರೆಯುವ ಬೌಹಿನಿಯ ಮರಗಳೂ ಈ ರೆಡ್‌ಬಡ್ಡೂ ದ್ವಿದಳಧಾನ್ಯಗಳ ದೊಡ್ಡ ಕುಟುಂಬದಲ್ಲಿ ಒಂದೇ ಉಪಕುಟುಂಬಕ್ಕೆ ಸೇರಿವೆ. ನ್ಯೂ ಇಂಗ್ಲೆಂಡಿನ ಬಳಗದವರು ‘ಮಂದಾರ’ವೆಂದು ಹೆಸರಿಟ್ಟುಕೊಂಡರು, ಅದರ ದಾಯಾದಿ ನಮ್ಮ ಹಿತ್ತಿಲಲ್ಲಿದೆ. ರಾಲೀಯ ಜೆ.ಸಿ. ರಾಲ್‌ಸ್ಟನ್ ಸಸ್ಯೋದ್ಯಾನದಲ್ಲಿ ಇದರ ಹತ್ತಾರು ಬಗೆಗಳಿವೆ. ಹೂವು ತಿನ್ನಲು ಬರುತ್ತದೆ, ಹುಳಿಸಿಹಿಯಾದ ರುಚಿ. ಔಷಧಿ ಹೊಡೆಯದ ಮರವಾದರೆ ಹಬ್ಬದ ಕೋಸಂಬರಿಯ ಮೇಲೆ ನಾಲ್ಕು ಹೂ ಉದುರಿಸುವುದು ನಮ್ಮ ಮನೆಯ ರೂಢಿ.

ಎರಡನೆಯ ಸ್ಥಾನವನ್ನು ಎರಡು ಮರಗಳು ಹಂಚಿಕೊಂಡಿವೆ. ಅವನ್ನು ಬೇರ್ಪಡಿಸಲು ನಮ್ಮಿಂದಾಗಲಿಲ್ಲ. ಮೊದಲನೆಯದು ಮ್ಯಾಗ್ನೋಲಿಯ, ಅದರಲ್ಲೂ ನಿತ್ಯಹಸುರಿನ ದಕ್ಷಿಣದ ಮ್ಯಾಗ್ನೋಲಿಯ. ಮೇಲೆ ಎಣ್ಣೆ ಹಚ್ಚಿದಂತೆ ಹೊಳೆಯುವ, ಕೆಳಗೆ ತುಕ್ಕಿನ ಬಣ್ಣದ ಮಖಮಲ್ಲಿನಂಥ ಎಲೆ, ಮೇ, ಜೂನ್ ತಿಂಗಳುಗಳಲ್ಲಿ ಬೊಗಸೆ ತುಂಬುವ ಬಿಳಿ ಹೂವು, ನಿಂಬೆಯ ಪರಿಮಳ. ಹೂವು ಉದುರಿದ ಮೇಲೆ ಕಾಯಿಯನ್ನು ನೋಡಿ. ಅದು ಬಿರಿದು ಕೆಂಪು ಬೀಜಗಳು ನೂಲಿನಂಥ ಎಳೆಯಲ್ಲಿ ತೂಗಾಡುತ್ತವೆ. ಸಂಪಿಗೆಯ ಕಾಯಿ ಬಿರಿದುದನ್ನು ಕಂಡವರಿಗೆ ಬೇರೆ ವಿವರಣೆ ಬೇಡ. ನಾವು ಕಾಲೇಜಿನಲ್ಲಿ ಓದುವಾಗ ಸಂಪಿಗೆಯ ಶಾಸ್ತ್ರೀಯ ನಾಮ ಮೈಕೇಲಿಯ ಚಂಪಕ; ಇತ್ತೀಚಿನ ದಶಕಗಳಲ್ಲಿ ವಿಜ್ಞಾನಿಗಳು ಆ ಕುಲವನ್ನು ಮ್ಯಾಗ್ನೋಲಿಯದಲ್ಲಿಯೇ ಲೀನಗೊಳಿಸಿದ್ದಾರೆ. ಹೀಗಾಗಿ ಮಲ್ಲೇಶ್ವರದ ಸಂಪಿಗೆ ರಸ್ತೆಗೆ ಹೆಸರು ಕೊಟ್ಟ ಮರವೂ, ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಸೋಲಿಗರು ಪೂಜಿಸುವ ಪುರಾತನವಾದ ದೊಡ್ಡ ಸಂಪಿಗೆಯೂ, ಇಲ್ಲಿಯ ಅಂಗಡಿಯ ವಾಹನನಿಲ್ದಾಣದ ಅಂಚಿನಲ್ಲಿ ನಿಂತ ಮ್ಯಾಗ್ನೋಲಿಯವೂ ಇಂದು ಒಂದೇ ಕುಲದವು.

ಈ ಬಳಗ ಬಹಳ ಹಳೆಯದು. ಸುಮಾರು ಹತ್ತು ಕೋಟಿ ವರ್ಷಗಳಷ್ಟು ಹಿಂದಿನ ಶಿಲೆಗಳಲ್ಲಿ ಇದರ ಸಮೀಪದ ಹೂಗಳ ಅವಶೇಷಗಳು ದೊರೆತಿವೆ. ಜೇನುನೊಣಗಳನ್ನು ನೆಚ್ಚದೆ ಇಂದಿಗೂ ದುಂಬಿಗಳಿಂದ ಪರಾಗ ಸಾಗಿಸಿಕೊಳ್ಳುವ ಹೂವು ಇದು. ಇದರ ಬಳಗದ ಅಧ್ಯಯನದಲ್ಲಿ ಕನ್ನಡಿಗರೊಬ್ಬರ ಹೆಸರು ಸ್ಥಿರವಾಗಿ ನಿಂತಿದೆಯೆಂಬುದು ನಮ್ಮ ಮಕ್ಕಳಿಗೆ ತಿಳಿಯಬೇಕು. ‘ಹಸುರು ಹೊನ್ನು’ ಬರೆದ ಬಿ.ಜಿ.ಎಲ್. ಸ್ವಾಮಿಯವರು ಹಾರ್ವರ್ಡಿನಲ್ಲಿ ಇರ್ವಿಂಗ್ ಬೇಲಿಯವರೊಡನೆ ಸಂಶೋಧನೆ ನಡೆಸಿದವರು. ಬೀಜವನ್ನು ಒಡಲಲ್ಲಿಟ್ಟುಕೊಳ್ಳುವ ಸಂಪುಟ ಹೂವಿನಲ್ಲಿ ಹೇಗೆ ಉಂಟಾಯಿತು? ವೀಳ್ಯದೆಲೆಯನ್ನು ನಡುನರದುದ್ದಕ್ಕೆ ಮಡಿಸಿದಂತೆ, ಒಂದು ಎಲೆ ಮಡಿಚಿಕೊಂಡು ಆದದ್ದೆಂದು 1951ರಲ್ಲಿ ಇವರಿಬ್ಬರೂ ಮ್ಯಾಗ್ನೋಲಿಯದ ಬಂಧುಗಳ ಹೂಗಳನ್ನು ಆಧರಿಸಿ ವಾದಿಸಿದರು. ವೀಳ್ಯದೆಲೆಯ ಹೋಲಿಕೆ ನಮ್ಮದು, ಸಿದ್ಧಾಂತ ಅವರದು. ಹಾಸ್ಯಲೇಖಕರೆಂದೇ ನಾವು ಮೆಚ್ಚುವ ಸ್ವಾಮಿಯವರನ್ನು ಸಸ್ಯಶಾಸ್ತ್ರಜ್ಞರು ಬೇರೆಯೇ ಕಾರಣಕ್ಕಾಗಿ ನೆನೆಯುತ್ತಾರೆ.

ಜೊತೆಯ ಮರ ಪಾ-ಪಾ. ಪರಂಗಿಗೂ ಇದಕ್ಕೂ ಸಂಬಂಧವಿಲ್ಲ. ಹೊಳೆಯ ಬದಿಯ ನೆರಳಿನಲ್ಲಿ ಗುಂಪುಗುಂಪಾಗಿ ಬೆಳೆಯುವ ಸಣ್ಣ ಮರ, ಉದ್ದನೆಯ ಜೋಲುವ ಎಲೆ, ಕೆಳಮುಖವಾದ ಕಂದುಗೆಂಪು ಹೂವು. ಆಗಸ್ಟ್ ಕೊನೆಗೂ ಸೆಪ್ಟೆಂಬರಿನಲ್ಲಿಯೂ ಹಣ್ಣಾಗುತ್ತದೆ. ಒಳಗೆ ಹಳದಿಯ ತಿರುಳು, ಕಪ್ಪು ಮಿಶ್ರಿತ ಕಂದಿನ ದಪ್ಪ ಬೀಜಗಳು. ರುಚಿಯಲ್ಲಿ ಬಾಳೆಯ ಹಣ್ಣನ್ನೂ ಸೀತಾಫಲವನ್ನೂ ಒಟ್ಟಿಗೆ ಕಿವುಚಿದ ಹಾಗೆ. ಹಾಗಿರುವುದು ನ್ಯಾಯವೇ: ಸೀತಾಫಲ, ರಾಮಫಲ, ಮನೋರಂಜಿತ, ಬೆಂಗಳೂರಿನ ಕಾಂಪೌಂಡುಗಳ ಒಳಗೆ ಕಂಬದಂತೆ ಬೆಳೆಯುವ ಅಶೋಕವೆಂದು ಹೆಸರಾದ ಮರ, ಇವೆಲ್ಲ ಇರುವ ಕುಟುಂಬವೇ ಇದರದೂ. ಉಷ್ಣವಲಯದ ಆ ದೊಡ್ಡ ಕುಟುಂಬದಿಂದ ಹಿಮ ಬೀಳುವ ನಾಡಿಗೆ ಬಂದು ನಿಂತದ್ದು ಈ ಒಂದು ಶಾಖೆ ಮಾತ್ರ. ಆ ಕುಟುಂಬವೂ ಮ್ಯಾಗ್ನೋಲಿಯದ ಕುಟುಂಬವೂ ಒಂದೇ ಗಣಕ್ಕೆ ಸೇರುತ್ತವೆ. ಹಣ್ಣಾದದ್ದು ಕೆಲವೇ ದಿನ ಉಳಿಯುವುದರಿಂದ ಅಂಗಡಿಗಳಲ್ಲಿ ಸಿಗುವುದಿಲ್ಲ. ಸಿಪ್ಪೆಯನ್ನೂ ಬೀಜವನ್ನೂ ತಿನ್ನಬಾರದು. ಬಿಳಿಯ ಮೈಮೇಲೆ ಕಪ್ಪು ಪಟ್ಟೆಗಳುಳ್ಳ ಜೀಬ್ರಾ ಚಿಟ್ಟೆಯ ಮರಿಹುಳಕ್ಕೆ ಈ ಕುಲದ ಎಲೆಯಲ್ಲದೆ ಬೇರೆ ಆಹಾರವಿಲ್ಲ. ಪಾ-ಪಾ ಪೊದೆಯನ್ನು ಸವರಿ ಹುಲ್ಲುಹಾಸು ಮಾಡಿದ ಕಡೆ ಆ ಚಿಟ್ಟೆಯೂ ಇರದು.

ಇಷ್ಟು ನೆಂಟಸ್ತಿಕೆಯನ್ನು ಹೇಳಿದ ಮೇಲೆ ಮೊದಲ ಸ್ಥಾನವನ್ನು ಕರ್ನಾಟಕದಲ್ಲಿ ಒಬ್ಬ ಬಂಧುವೂ ಇಲ್ಲದ ಮರಕ್ಕೆ ಕೊಡುತ್ತಿರುವುದು ವಿಚಿತ್ರವಾಗಿ ಕಂಡೀತು. ಅದು ಹೆಮ್ಲಾಕ್. ಸಾಕ್ರಟೀಸನು ಕುಡಿದ ವಿಷದ ಗಿಡ ಬೇರೆ. ಇದು ಪೈನಿನ ಕುಟುಂಬಕ್ಕೆ ಸೇರಿದ ಸೂಜಿಯೆಲೆಯ ಮರ. ಇದರ ಸಹಜ ನೆಲೆ ಇಲ್ಲಿಂದ ಸುಮಾರು 200 ಮೈಲಿ ಪಶ್ಚಿಮದ ಅಪಲೇಚಿಯನ್ ಬೆಟ್ಟಗಳು. ಆದರೂ ಕಿಲ್ಡೇರ್ ಫಾರ್ಮ್ ರಸ್ತೆಯ ಹೆಮ್ಲಾಕ್ ಬ್ಲಫ್ಸ್ ರಕ್ಷಿತಾರಣ್ಯದಲ್ಲಿ, ಸ್ವಿಫ್ಟ್ ಹಳ್ಳದ ಮೇಲಣ ಕಡಿದಾದ ದಂಡೆಯಲ್ಲಿ, ಇದರ ಒಂದು ಪುಟ್ಟ ಗುಂಪು ನಿಂತಿದೆ. ಹಿಮಯುಗದಲ್ಲಿ ಈ ಪ್ರದೇಶವೆಲ್ಲ ತಂಪಾಗಿದ್ದಾಗ ಹೆಮ್ಲಾಕ್ ಇಲ್ಲಿಯವರೆಗೆ ಹಬ್ಬಿತ್ತು. ಭೂಮಿ ಬಿಸಿಯಾದಂತೆ ಉಳಿದವು ನಶಿಸಿದವು. ಉತ್ತರಕ್ಕೆ ಮುಖಮಾಡಿದ ಈ ದಂಡೆಗೆ ಬಿಸಿಲು ನೇರವಾಗಿ ತಾಗದು. ಬೇಸಗೆಯಲ್ಲಿಯೂ ತಂಪು, ತೇವ. ಆ ನೆರಳಿನ ಮರೆಯಲ್ಲಿ ಈ ಮರಗಳು ಸಾವಿರಾರು ವರ್ಷ ತಮ್ಮ ಹಳೆಯ ಹವೆಯನ್ನು ಉಳಿಸಿಕೊಂಡು ಬಂದಿವೆ. ಕ್ಯಾರಿಯಲ್ಲಿ ಇದಕ್ಕಿಂತ ನಮ್ಮನ್ನು ಸೆಳೆದ ನೋಟ ಬೇರೊಂದಿಲ್ಲ.

ಹೆಮ್ಲಾಕಿಗೂ ಬಂಧುಗಳಿದ್ದಾರೆ, ಹಿಮಾಲಯದಲ್ಲಿ, ಚೀನಾದಲ್ಲಿ, ಜಪಾನಿನಲ್ಲಿ. ಪೂರ್ವ ಏಷ್ಯಾದ ಮರಗಳಿಗೂ ಪೂರ್ವ ಅಮೆರಿಕದ ಮರಗಳಿಗೂ ಇರುವ ಈ ಹೋಲಿಕೆಯನ್ನು 1859ರಲ್ಲಿಯೇ ಹಾರ್ವರ್ಡಿನ ಏಸಾ ಗ್ರೇ ವಿವರಿಸಿದ್ದನು. ಒಂದು ಕಾಲಕ್ಕೆ ಉತ್ತರದ ಭೂಭಾಗಗಳನ್ನೆಲ್ಲ ಬಳಸಿ ಹಬ್ಬಿದ್ದ ಕಾಡು ಚಳಿಗೆ ಹರಿದು ಎರಡು ತುದಿಗಳಲ್ಲಿ ಉಳಿಯಿತು. ಮ್ಯಾಗ್ನೋಲಿಯ, ರೆಡ್‌ಬಡ್, ಹೆಮ್ಲಾಕ್ ಮೂರೂ ಆ ಕಥೆಗೆ ಸೇರಿದವು. ಆದರೆ ಈ ಬಂಧುತ್ವವನ್ನು ನಮಗಿಂತ ಚೆನ್ನಾಗಿ ಗುರುತಿಸಿದ್ದು ಒಂದು ಕೀಟ. ಜಪಾನಿನ ಹೆಮ್ಲಾಕಿನ ಮೇಲೆ ಬದುಕುವ, ಎಳ್ಳಿಗಿಂತಲೂ ಸಣ್ಣದಾದ ಉಣ್ಣೆಹೇನು 1951ರಲ್ಲಿ ವರ್ಜೀನಿಯಾದ ರಿಚ್‌ಮಂಡಿನ ಬಳಿ ಕಾಣಿಸಿಕೊಂಡಿತು. ಜಪಾನಿನ ಮರಕ್ಕೆ ಅದನ್ನು ತಾಳಿಕೊಳ್ಳುವ ಶಕ್ತಿಯುಂಟು. ಬಹುಕಾಲ ಬೇರೆಯಾಗಿ ಬೆಳೆದ ಇಲ್ಲಿಯ ದಾಯಾದಿಗೆ ಆ ಶಕ್ತಿಯಿಲ್ಲ. ಅಪಲೇಚಿಯನ್ ಕಾಡುಗಳಲ್ಲಿ ಹೆಮ್ಲಾಕುಗಳು ಸಾಲುಸಾಲಾಗಿ ಒಣಗಿ ನಿಂತವು. ಕೀಟ ಕ್ಯಾರಿಯ ದಂಡೆಗೂ ಬಂತು. ಇಲ್ಲಿಯ ಮರಗಳು ಇಂದು ಉಳಿದಿರುವುದು ಔಷಧೋಪಚಾರದ ಬಲದಿಂದ.

ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಬೇಕೆನ್ನುವವರಿಗೆ ಗುರುತುಗಳು ಸುಲಭ. ಸೂಜಿ ಚಿಕ್ಕದು, ಚಪ್ಪಟೆ, ಬಿಡಿಬಿಡಿಯಾದದ್ದು. ತಿರುಗಿಸಿ ನೋಡಿದರೆ ಕೆಳಗೆ ಎರಡು ಬಿಳಿಯ ಗೆರೆಗಳು ಕಾಣುತ್ತವೆ. ಕಾಯಿ ಹೆಬ್ಬೆರಳಿನ ಉಗುರಿನಷ್ಟು. ಸೂಜಿಗಳ ಬುಡದಲ್ಲಿ ಹತ್ತಿಯ ಚೂರಿನಂಥ ಬಿಳಿಯ ಉಣ್ಣೆ ಕಂಡರೆ ಮುಟ್ಟದೆ, ಮರ ಯಾವುದೆಂದು ಗುರುತಿಟ್ಟುಕೊಂಡು, ಅಲ್ಲಿಯ ಸ್ಟೀವನ್ಸ್ ಕೇಂದ್ರದ ಸಿಬ್ಬಂದಿಗೆ ತಿಳಿಸಬೇಕು. ಆ ಉಣ್ಣೆ ಹಕ್ಕಿಯ ಕಾಲಿಗೂ ನಮ್ಮ ಬಟ್ಟೆಗೂ ಅಂಟಿಕೊಂಡು ಮುಂದಿನ ಮರಕ್ಕೆ ಹೋಗುತ್ತದೆ.