ಬಾಬರ್ ಮೋಟಾರ್ ಸೈಕಲ್ಲೂ ಅದರ ಬಿಗಿ ಚೌಕಟ್ಟೂ

ಯಂತ್ರಗಳ ಇತಿಹಾಸವನ್ನು ಬರೆಯುವವರು ಕಾರ್ಖಾನೆಯಲ್ಲಿ ಹುಟ್ಟಿದ ಯಂತ್ರಕ್ಕೆ ಕೊಡುವಷ್ಟು ಗಮನವನ್ನು, ಕೊಂಡವನ ಮನೆಯ ಹಿತ್ತಿಲಲ್ಲಿ ಮಾರ್ಪಾಟಾದ ಯಂತ್ರಕ್ಕೆ ಕೊಡುವುದಿಲ್ಲ. ಅಮೆರಿಕದ ‘ಬಾಬರ್’ ಮೋಟಾರ್ ಸೈಕಲ್ಲು ಈ ಎರಡನೆಯ ವರ್ಗಕ್ಕೆ ಸೇರಿದುದು. (ಇತಿಹಾಸದ ವಿದ್ಯಾರ್ಥಿಗಳು ಈ ಹೆಸರನ್ನು ಕೇಳಿದೊಡನೆ ಪಾಣಿಪತ್ತಿನ ಕಡೆಗೆ ತಿರುಗುವುದು ಸಹಜ, ಆ ಬಾಬರನಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ.) ಕುದುರೆಯ ಬಾಲವನ್ನು ಮೋಟಾಗಿ ಕತ್ತರಿಸುವುದಕ್ಕೆ ಇಂಗ್ಲಿಷಿನಲ್ಲಿ ‘ಬಾಬ್’ ಎನ್ನುವರು. ಹಿಂಚಕ್ರದ ಮಡ್‌ಗಾರ್ಡನ್ನು ಹಾಗೆಯೇ ಮೋಟುಮಾಡಿದ ಗಾಡಿಗೆ ಮೊದಲು ‘ಬಾಬ್ ಜಾಬ್’ ಎಂದೂ ಮುಂದೆ ಬಾಬರ್ ಎಂದೂ ಹೆಸರಾಯಿತು. ‘ಹಾರ್ಡ್‌ಟೇಲ್’ ಎಂದರೆ ಹಿಂಚಕ್ರಕ್ಕೆ ಸ್ಪ್ರಿಂಗಿನ ಆಸರೆಯಿಲ್ಲದೆ ಅದರ ಅಚ್ಚು ನೇರವಾಗಿ ಚೌಕಟ್ಟಿಗೇ ಕೂಡಿಕೊಂಡಿರುವ ರಚನೆ. ಇಂಥ ಚೌಕಟ್ಟು ಹೊಸದಾಗಿ ಕಟ್ಟುವವನ ಕೈಯಲ್ಲಿ ಹೇಗೆ ಭದ್ರವಾಗಬಲ್ಲುದು ಎಂಬುದೇ ಪ್ರಕೃತ ವಿಚಾರ.

1930ರ ದಶಕದ ಅಮೆರಿಕದಲ್ಲಿ ‘ಕ್ಲಾಸ್ ಸಿ’ ಎಂಬ ಪಂದ್ಯಗಳು ನಡೆಯುತ್ತಿದ್ದವು. ಸಾಮಾನ್ಯರು ಅಂಗಡಿಯಲ್ಲಿ ಕೊಳ್ಳಬಹುದಾದ ಗಾಡಿಗಳನ್ನೇ ಅವುಗಳಲ್ಲಿ ಓಡಿಸಬೇಕಾಗಿದ್ದಿತು. ಸವಾರರು ಮುಂದಿನ ಮಡ್‌ಗಾರ್ಡನ್ನು ಕಳಚಿ, ಹಿಂದಿನದನ್ನು ಕತ್ತರಿಸಿ ಭಾರವನ್ನು ಇಳಿಸುತ್ತಿದ್ದರು. 1945ರ ತರುವಾಯ ಯುದ್ಧದಿಂದ ಮರಳಿದ ತರುಣರು, ಸೈನ್ಯಕ್ಕೆ ಬೇಡವಾಗಿ ಅಗ್ಗಕ್ಕೆ ಬಂದ ಹಾರ್ಲಿ-ಡೇವಿಡ್‌ಸನ್ ಡಬ್ಲ್ಯು.ಎಲ್.ಎ. ಮೊದಲಾದ ಗಾಡಿಗಳ ಮೇಲೂ ಇದೇ ಪ್ರಯೋಗವನ್ನು ಮಾಡಿದರು. 1953ರ ‘ದಿ ವೈಲ್ಡ್ ಒನ್’ ಚಲಚ್ಚಿತ್ರ ಈ ವೇಷವನ್ನು ಲೋಕಪ್ರಸಿದ್ಧಗೊಳಿಸಿತು.

ಇಲ್ಲಿ ಗಮನಿಸತಕ್ಕ ಒಂದು ಸಂಗತಿಯಿದೆ. ಈ ತರುಣರು ಗಾಡಿಯ ಮೈಮೇಲಿನ ಸಾಮಾನನ್ನು ತೆಗೆದರೇ ಹೊರತು ಚೌಕಟ್ಟನ್ನು ಸಾಮಾನ್ಯವಾಗಿ ಮುಟ್ಟಲಿಲ್ಲ. ಮುಟ್ಟುವ ಅಗತ್ಯವೂ ಇರಲಿಲ್ಲ. ಹಾರ್ಲಿಯ ದೊಡ್ಡ ಗಾಡಿಗಳಿಗೆ ಹಿಂಬದಿಯ ಸ್ಪ್ರಿಂಗು ಬಂದುದು 1958ರ ಡ್ಯುಯೋ-ಗ್ಲೈಡ್ ಮಾದರಿಯಲ್ಲಿ. ಅದಕ್ಕೆ ಹಿಂದಿನ ಚೌಕಟ್ಟುಗಳೆಲ್ಲ ಕಾರ್ಖಾನೆಯಿಂದಲೇ ಬಿಗಿಯಾಗಿ ಬರುತ್ತಿದ್ದವು. ಹಿಂಚಕ್ರದ ಏಟನ್ನು ತಾಳುವಂತೆಯೇ ಅವನ್ನು ರಚಿಸಲಾಗಿದ್ದಿತು. ಇಂದಿನವನ ಕೆಲಸ ಇದಕ್ಕೆ ವಿರುದ್ಧವಾದುದು. ಅವನು ಸ್ವಿಂಗ್ ಆರ್ಮ್ ಇರುವ ಗಾಡಿಯನ್ನು ತಂದು, ಹಿಂಭಾಗವನ್ನು ಕೊಯ್ದು, ಅಲ್ಲಿಗೆ ಬಿಗಿಯಾದ ಬಾಲವನ್ನು ಬೆಸೆಯುತ್ತಾನೆ. ನೋಟಕ್ಕೆ ಎರಡೂ ಒಂದೇ. ಆದರೆ ಹಿಂದೆ ಕಾರ್ಖಾನೆ ಹೊತ್ತಿದ್ದ ಹೊಣೆಯನ್ನು ಈಗ ಗರಗಸ ಹಿಡಿದವನೇ ಹೊರಬೇಕಾಗುತ್ತದೆ.

ಸ್ವಿಂಗ್ ಆರ್ಮ್ ಇರುವ ಚೌಕಟ್ಟಿನಲ್ಲಿ ರಸ್ತೆಯ ಏಟಿನ ಬಹುಭಾಗವನ್ನು ಸ್ಪ್ರಿಂಗು ನುಂಗಿ, ಉಳಿದುದನ್ನು ಕೆಲವು ಗೊತ್ತಾದ ಸ್ಥಳಗಳಿಗೆ ಮಾತ್ರ ದಾಟಿಸುತ್ತದೆ. ಬಾಲವನ್ನು ಬಿಗಿಮಾಡಿದೊಡನೆ ಆ ಏಟು ಟೈರಿನಿಂದ ಅಚ್ಚಿಗೆ, ಅಚ್ಚಿನಿಂದ ಕೊಳವೆಗಳಿಗೆ ನೇರವಾಗಿ ಹರಿಯುತ್ತದೆ. ಆದಕಾರಣ ಮೇಲಿನ ಕೊಳವೆಗಳು ಆಸನದ ಬುಡವನ್ನೂ ಕೆಳಗಿನವು ಎಂಜಿನ್ನಿನ ತೊಟ್ಟಿಲನ್ನೂ ಸೇರಿ, ಅಚ್ಚಿನೊಡನೆ ಮುಚ್ಚಿದ ತ್ರಿಕೋನವಾಗಬೇಕು. ತ್ರಿಕೋನದಲ್ಲಿ ಕೊಳವೆಗಳ ಮೇಲೆ ಬೀಳುವುದು ಹೆಚ್ಚಾಗಿ ಎಳೆತ ಮತ್ತು ಒತ್ತಡ. ಅದು ಬಾಯ್ದೆರೆದರೆ ಬಾಗು ಆರಂಭವಾಗುತ್ತದೆ. ಸೊಗಸಿಗಾಗಿ ಮೇಲಿನ ಕೊಳವೆಯನ್ನು ಕಮಾನಿನಂತೆ ಬಗ್ಗಿಸುವುದೂ ಅಷ್ಟರಮಟ್ಟಿಗೆ ಬಲವನ್ನು ಬಿಟ್ಟುಕೊಟ್ಟಂತೆಯೇ.

ಅಪಾಯದ ಮುಖ್ಯ ಸ್ಥಾನ ಹಳೆಯ ಕೊಳವೆ ಹೊಸದನ್ನು ಕೂಡುವ ಕೀಲು. ತುದಿಗೆ ತುದಿಯನ್ನಿಟ್ಟು ಸುತ್ತ ಬೆಸೆದು ಬಿಡುವುದು ಏನೇನೂ ಸಾಲದು. ಬೆಸುಗೆಯ ಪಕ್ಕದಲ್ಲಿ ಕಾವು ತಗುಲಿದ ಲೋಹದ ಗುಣ ಬದಲಾಗಿರುತ್ತದೆ. ವರ್ಷಗಟ್ಟಲೆಯ ಕಂಪನದಿಂದ ಹುಟ್ಟುವ ಬಿರುಕು ಅಲ್ಲಿಂದಲೇ, ಕೂದಲೆಳೆಯಂತೆ, ಬಣ್ಣದ ಅಡಿಯಲ್ಲಿ ಮೊದಲಾಗುತ್ತದೆ. ಆದುದರಿಂದ ಎರಡು ಕೊಳವೆಗಳ ಒಳಗೂ ಸಾಕಷ್ಟು ದೂರ ಹೊಗುವ, ಬಿಗಿಯಾಗಿ ಕೂರುವ ಉಕ್ಕಿನ ಒಳತುಂಡೊಂದನ್ನು ಸೇರಿಸಬೇಕು. ಹೊರಕೊಳವೆಯಲ್ಲಿ ತೂತುಗಳನ್ನು ಕೊರೆದು ಅವುಗಳ ಮೂಲಕವೂ ಒಳತುಂಡನ್ನು ಬೆಸೆಯಬೇಕು. ಬೆಸೆದ ಬಳಿಕ ಅಂದಕ್ಕೆಂದು ಅದನ್ನು ಉಜ್ಜಿ ಸಪಾಟುಮಾಡುವವರುಂಟು. ಅದು ಕೀಲನ್ನು ತೆಳುಗೊಳಿಸುವ ಕೆಲಸ. ನಮಗೆ ಸರ್ವಥಾ ಸಮ್ಮತವಲ್ಲ.

ಲೋಹಕ್ಕೆ ತಕ್ಕ ಬೆಸುಗೆ ಬೇಕೆಂಬುದಕ್ಕೆ ಇಂಗ್ಲೆಂಡಿನ ಉದಾಹರಣೆಯೊಂದಿದೆ. 1950ರಲ್ಲಿ ನಾರ್ಟನ್ ಕಂಪನಿ ಪಂದ್ಯಕ್ಕಿಳಿಸಿದ ‘ಫೆದರ್‌ಬೆಡ್’ ಚೌಕಟ್ಟು ರೆನಾಲ್ಡ್ಸ್ 531 ಎಂಬ ತೆಳುವಾದ ಮಿಶ್ರಲೋಹದ ಕೊಳವೆಗಳಿಂದಾದುದು. ಕೊಳವೆಯನ್ನೇ ಕರಗಿಸುವ ಕಾವು ಆ ಲೋಹಕ್ಕೆ ಒಗ್ಗದ್ದರಿಂದ ಅದನ್ನು ಕಂಚಿನಿಂದ ಬೆಸೆದರು. ಸ್ವಂತಕ್ಕೆ ಕಟ್ಟುವವನು ಅಂಥ ತೆಳುಕೊಳವೆಗೆ ಆಸೆಪಡದೆ, ಸುಮಾರು 25 ಮಿಲಿಮೀಟರ್ ಹೊರವ್ಯಾಸವೂ 3 ಮಿಲಿಮೀಟರ್ ದಪ್ಪವೂ ಉಳ್ಳ ಮೆದು ಉಕ್ಕಿನ ಕೊಳವೆಯನ್ನು ಆರಿಸುವುದು ಮೇಲು. ಅದು ಭಾರವಾದರೂ ಕೈತಪ್ಪನ್ನು ಹೆಚ್ಚು ಸಹಿಸುತ್ತದೆ.

ಬೆಸೆಯುವಾಗ ಲೋಹ ಕುಗ್ಗಿ ಚೌಕಟ್ಟನ್ನು ಎಳೆಯುವುದರಿಂದ, ಅದನ್ನು ಅಲುಗದ ಅಡ್ಡೆಗೆ ಬಿಗಿದು, ಎಡಬಲಗಳಲ್ಲಿ ಸ್ವಲ್ಪಸ್ವಲ್ಪವೇ ಬೆಸೆಯುತ್ತ ಹೋಗಬೇಕು. ಎರಡು ಚಕ್ರಗಳೂ ಒಂದೇ ಗೆರೆಯಲ್ಲಿ ನಿಲ್ಲಬೇಕು. ಗಾಡಿಯ ಹಿಂಭಾಗ ತಗ್ಗಿದರೆ ಫೋರ್ಕು ಮತ್ತಷ್ಟು ಹಿಂದಕ್ಕೆ ಒರಗಿ, ನಿಧಾನವಾಗಿ ಹೋಗುವಾಗ ಹ್ಯಾಂಡಲ್ಲು ಭಾರವೆನಿಸುತ್ತದೆ. ಬಿಗಿಬಾಲದಿಂದ ಒಂದು ಅನುಕೂಲವೂ ಉಂಟು: ಅಚ್ಚು ಮೇಲೆ ಕೆಳಗೆ ಆಡದ ಕಾರಣ ಚೈನಿನ ಬಿಗುವು ಹಳ್ಳದಿಣ್ಣೆಗಳಲ್ಲಿ ಬದಲಾಗುವುದಿಲ್ಲ. ಸವಾರನ ಬೆನ್ನಿಗಾದರೋ ದಪ್ಪ ಟೈರೂ ಸ್ಪ್ರಿಂಗಿನ ಆಸನವೂ ಮಾತ್ರವೇ ಗತಿ.

ಬಾಲವನ್ನು ಕೊಯ್ಯದೆಯೇ ಈ ನೋಟವನ್ನು ಪಡೆಯುವ ಮಾರ್ಗವನ್ನು ಕಾರ್ಖಾನೆಗಳೂ ಕಂಡುಕೊಂಡಿವೆ. 1984ರ ಹಾರ್ಲಿ ಸಾಫ್ಟೇಲ್ ಮಾದರಿಯಲ್ಲಿ ಸ್ಪ್ರಿಂಗನ್ನು ಕಣ್ಣಿಗೆ ಬೀಳದಂತೆ ಅಡಗಿಸಿದರು. 2018ರಲ್ಲಿ ನಮ್ಮ ದೇಶದಲ್ಲಿ ಪ್ರದರ್ಶಿತವಾದ ಜಾವಾ ಪೇರಾಕ್ ಎಂಬ ಬಾಬರಿನದೂ ಇದೇ ಕ್ರಮ. 1961ರಿಂದ 1996ರವರೆಗೆ ಮೈಸೂರಿನಲ್ಲಿ ತಯಾರಾಗುತ್ತಿದ್ದ ಗಾಡಿಗಳ ಮೂಲ ಸಂಸ್ಥೆಯಾದ ಚೆಕ್ ದೇಶದ ಜಾವಾ, 1946ರಲ್ಲಿ ಇದೇ ಪೇರಾಕ್ ಹೆಸರಿನ ಗಾಡಿಯನ್ನು ಹೊರತಂದಿದ್ದಿತು. ಆ ಗಾಡಿ ಹೆಸರಾದುದು ಹಿಂಚಕ್ರಕ್ಕೆ ಸ್ಪ್ರಿಂಗನ್ನು ಅಳವಡಿಸಿದುದಕ್ಕಾಗಿ! ಬಿಗಿಬಾಲದಂತೆ ತೋರುವ ಗಾಡಿಗೆ ಆ ಹೆಸರೇ ಬಂದುದು ಇತಿಹಾಸದ ವಿನೋದಗಳಲ್ಲೊಂದು.

ಭಾರತದಲ್ಲಿ ಇದಕ್ಕೆ ಕಾನೂನಿನ ಮಿತಿಯೂ ಇದೆ. 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣದಂತೆ, ತಯಾರಕನು ಮೂಲತಃ ನಮೂದಿಸಿದ ವಿವರಗಳಿಗೆ ನೋಂದಣಿ ಪತ್ರದ ವಿವರಗಳು ಭಿನ್ನವಾಗುವಂತೆ ವಾಹನವನ್ನು ಬದಲಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ದೃಢಪಡಿಸಿತು. ಆದುದರಿಂದ ನಮ್ಮಲ್ಲಿ ಈ ಬಗೆಯ ಚೌಕಟ್ಟನ್ನು ಕಟ್ಟುವವರು ಗರಗಸವನ್ನು ಎತ್ತುವ ಮೊದಲು ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸತಕ್ಕದ್ದು.