ಸಭೆ ಎಲ್ಲಿ? ಬಾಗಿಲು ಯಾರಿಗೆ?

ರಾಜ್ಯ ಸಚಿವ ಸಂಪುಟ ರಾಜಧಾನಿಯಿಂದ ಹೊರಗೆ ಸಭೆ ಸೇರುವುದು ಈಚೆಗೆ ರೂಢಿಯಾಗುತ್ತಿದೆ. 2024ರ ಸೆಪ್ಟೆಂಬರ್ 17ರಂದು ಕಲಬುರಗಿಯಲ್ಲಿ, 2025ರ ಏಪ್ರಿಲ್ 24ರಂದು ಮಲೆ ಮಹದೇಶ್ವರ ಬೆಟ್ಟದಲ್ಲಿ, ಅದೇ ವರ್ಷ ಜುಲೈ 2ರಂದು ನಂದಿ ಬೆಟ್ಟದಲ್ಲಿ ಸಂಪುಟ ಸಭೆಗಳು ನಡೆದವು. ಹಿಂದುಳಿದ ಪ್ರದೇಶಗಳ ಬೇಡಿಕೆಗಳು ಚರ್ಚೆಗೆ ಬರಲು ಇಂಥ ಸಭೆಗಳು ನೆರವಾಗುತ್ತವೆ ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಸಚಿವರ ಕಾರುಗಳು ಹತ್ತಿರ ಬಂದ ಮಾತ್ರಕ್ಕೆ ಅವರ ನಿರ್ಧಾರಗಳೂ ಜನರಿಗೆ ಹತ್ತಿರವಾಗುತ್ತವೆಯೇ?

ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಸೂಕ್ಷ್ಮ ನೀರಾವರಿ ಯೋಜನೆಯೊಂದಕ್ಕೆ ಹೆಸರು ಕೊಟ್ಟ ಊರಿದು. ಇಲ್ಲಿನ ಕೂಲಿಕಾರನಿಗೆ ವಿಧಾನಸೌಧ ನೂರು ಕಿಲೋಮೀಟರಿಗೂ ದೂರ. 2012ರಲ್ಲಿ ಉದ್ಘಾಟನೆಗೊಂಡ ಬೆಳಗಾವಿಯ ಸುವರ್ಣ ವಿಧಾನಸೌಧ ಐನೂರು ಕಿಲೋಮೀಟರಿಗೂ ಮಿಗಿಲು. ಕಲಾಪ ನೋಡಬೇಕೆಂದರೆ ಬಸ್ಸಿನ ಖರ್ಚು, ಒಂದೆರಡು ದಿನದ ಕೂಲಿಯ ನಷ್ಟ, ಜೊತೆಗೆ ಪ್ರವೇಶಪತ್ರಕ್ಕಾಗಿ ಅಲೆದಾಟ. ಅರ್ಥಶಾಸ್ತ್ರ ಓದಿದ ನನಗೆ ಈ ದೂರವೇ ಒಂದು ತೆರಿಗೆಯಾಗಿ ಕಾಣುತ್ತದೆ. ಬಡವನ ಮೇಲೆಯೇ ಹೆಚ್ಚು ಭಾರ ಹೇರುವ ತೆರಿಗೆ. ಮಾದಪ್ಪನ ಬೆಟ್ಟವಾದರೋ ಈ ಸೀಮೆಯವರಿಗೆ ಪರಸ್ಥಳವಲ್ಲ. ಆದರೆ ಸಂಪುಟ ಆ ಬೆಟ್ಟಕ್ಕೇ ಬಂದಾಗಲೂ ಒಳಗೆ ಆದ ತೀರ್ಮಾನವನ್ನು ಜನ ತಿಳಿದದ್ದು ಪತ್ರಿಕೆ, ವಾಹಿನಿಗಳಿಂದಲೇ. ದೂರ ಕಡಿಮೆಯಾಯಿತು, ಬಾಗಿಲು ಹಾಗೆಯೇ ಉಳಿಯಿತು.

ಅದೇ ಪೂರಿಗಾಲಿಯಲ್ಲಿ ನಡೆಯುವ ಗ್ರಾಮಸಭೆಯ ಕಟ್ಟುಪಾಡು ಬೇರೆ. 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಎರಡು ಗ್ರಾಮಸಭೆಗಳ ನಡುವೆ ಆರು ತಿಂಗಳಿಗಿಂತ ಹೆಚ್ಚು ಅಂತರವಿರಕೂಡದು. ಮತದಾರರಲ್ಲಿ ಹತ್ತನೆಯ ಒಂದು ಭಾಗ ಅಥವಾ 100 ಜನ, ಇವುಗಳಲ್ಲಿ ಯಾವುದು ಕಡಿಮೆಯೋ ಅಷ್ಟು ಜನರಾದರೂ ಸೇರಬೇಕು. ನಾನು ಸೇವೆಯಲ್ಲಿದ್ದಾಗ ಒಂದು ತಾಲ್ಲೂಕಿನಲ್ಲಿ ಶಾಲೆಯ ಅಂಗಳದಲ್ಲಿ ಗ್ರಾಮಸಭೆ ನಡೆಯಿತೆಂದು ನಡಾವಳಿ ಪುಸ್ತಕದಲ್ಲಿ ಬರೆದು, ಮನೆಮನೆಗೆ ತಿರುಗಿ ಸಹಿ ಪಡೆದಿದ್ದರು. ವಸತಿ ಫಲಾನುಭವಿಗಳ ಪಟ್ಟಿಯೂ ಹಾಗೆಯೇ ಅಂಗೀಕಾರವಾಗಿತ್ತು. ಅಂದು ಅಂಗಳದಲ್ಲಿ ಯಾರೂ ಸೇರಿರಲಿಲ್ಲವೆಂದು ಹೆಂಗಸರು ದೂರು ಕೊಟ್ಟರು. ವಿಚಾರಣೆಯಾಗಿ ಸಭೆ ಮತ್ತೆ ನಡೆಯಿತು, ಪಟ್ಟಿಯೂ ಬದಲಾಯಿತು. ಸಭೆ ಎಲ್ಲಿ, ಯಾರ ಎದುರು ನಡೆಯಬೇಕೆಂದು ಕಾನೂನು ಹೇಳಿದ್ದರಿಂದಲೇ ಆ ದೂರಿಗೆ ಬಲ ಬಂದಿತ್ತು.

ಮೇಲೇರಿದಂತೆ ಈ ಕಟ್ಟುಪಾಡು ಸಡಿಲವಾಗುತ್ತದೆ. ಶಾಸಕಾಂಗ ಸಮಿತಿಗಳು ಸಾರ್ವಜನಿಕರಿಲ್ಲದೆ ಸೇರುತ್ತವೆ. 2019ರ ಅಕ್ಟೋಬರ್ ಅಧಿವೇಶನದಲ್ಲಿ ವಿಧಾನಸಭೆಯೊಳಕ್ಕೆ ಖಾಸಗಿ ವಾಹಿನಿಗಳ ಕ್ಯಾಮೆರಾಗಳನ್ನು ಬಿಡಲಿಲ್ಲ. ಇನ್ನು ಸರ್ಕಾರಗಳ ಅಳಿವು ಉಳಿವು ನಿರ್ಧಾರವಾದ ಸ್ಥಳಗಳಾದರೂ ಯಾವುವು? 2017ರಲ್ಲಿ ಗುಜರಾತಿನ ಶಾಸಕರನ್ನು ಇರಿಸಿದ್ದು ಮದ್ದೂರಿನಿಂದ ಬೆಂಗಳೂರಿಗೆ ಹೋಗುವ ದಾರಿಯ ಬಿಡದಿಯ ರೆಸಾರ್ಟಿನಲ್ಲಿ. 2018ರ ಮೇ ತಿಂಗಳಲ್ಲಿ ನಮ್ಮ ಶಾಸಕರೇ ಅಲ್ಲಿ ತಂಗಿ ಹೈದರಾಬಾದಿಗೆ ಹೋದರು. 2019ರ ಜುಲೈನಲ್ಲಿ ಭಿನ್ನಮತೀಯರು ಮುಂಬೈ ಹೋಟೆಲಿನಲ್ಲಿದ್ದರು. ಅಲ್ಲಿ ನಡೆದ ಮಾತುಕತೆಗಳಿಗೆ ನಡಾವಳಿಯೂ ಇಲ್ಲ, ಪ್ರೇಕ್ಷಕರ ಗ್ಯಾಲರಿಯೂ ಇಲ್ಲ.

ನಮ್ಮ ಪರಂಪರೆ ಇದಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಆರಂಭವಾದ ಮೈಸೂರು ಪ್ರಜಾಪ್ರತಿನಿಧಿ ಸಭೆ ದಸರಾ ಸಮಯದಲ್ಲಿ ಮೈಸೂರಿನಲ್ಲಿ ಸೇರುತ್ತಿತ್ತು. ಮೊದಲ ಸಭೆಗೆ ಬಂದ 144 ಪ್ರತಿನಿಧಿಗಳಿಗೆ ಶಾಸನ ರಚಿಸುವ ಅಧಿಕಾರವಿರಲಿಲ್ಲ, ಅವರು ಬಡವರ ಪ್ರತಿನಿಧಿಗಳೂ ಆಗಿರಲಿಲ್ಲ. ಆದರೂ ದಿವಾನರು ಅವರೆದುರು ನಿಂತು ಆಡಳಿತದ ವರದಿ ಒಪ್ಪಿಸುತ್ತಿದ್ದರು.

ಸಂಪುಟದೊಳಗೆ ಸಚಿವರು ನಿರ್ಭಿಡೆಯಿಂದ ಮಾತನಾಡಲು ಗೋಪ್ಯತೆ ಅಗತ್ಯವೆಂಬ ವಾದದಲ್ಲಿ ಹುರುಳಿದೆ. ಆದರೆ 2005ರ ಮಾಹಿತಿ ಹಕ್ಕು ಕಾಯ್ದೆಯ 8ನೆಯ ಪ್ರಕರಣವು ಸಂಪುಟದ ಕಾಗದಪತ್ರಗಳಿಗೆ ವಿನಾಯಿತಿ ಕೊಡುವಾಗಲೇ, ನಿರ್ಧಾರವಾಗಿ ವಿಷಯ ಮುಕ್ತಾಯವಾದ ಮೇಲೆ ಆ ನಿರ್ಧಾರವನ್ನೂ ಅದರ ಕಾರಣಗಳನ್ನೂ ಆಧಾರ ಸಾಮಗ್ರಿಯನ್ನೂ ಪ್ರಕಟಿಸಬೇಕೆನ್ನುತ್ತದೆ. ಕೇಂದ್ರಕ್ಕಿಂತ ಮೊದಲೇ, 2000ದಲ್ಲಿ, ಮಾಹಿತಿ ಹಕ್ಕಿನ ಕಾಯ್ದೆ ತಂದ ರಾಜ್ಯ ನಮ್ಮದು. ಈ ಮಾತನ್ನು ಅಕ್ಷರಶಃ ಪಾಲಿಸುವುದರಲ್ಲೂ ಮುಂದಿರಬೇಡವೇ? ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1953ರಿಂದ ಜಾರಿಯಲ್ಲಿರುವ ಕಾಯ್ದೆಯಂತೆ ಸ್ಥಳೀಯ ಸಂಸ್ಥೆಗಳ ಸಾಮಾನ್ಯ ಸಭೆಯ ಕಾರ್ಯಸೂಚಿಯನ್ನು 72 ಗಂಟೆ ಮೊದಲೇ ಪ್ರಕಟಿಸಬೇಕು.

ಆದ್ದರಿಂದ ಮೂರು ಕೆಲಸಗಳು ಆಗಬೇಕು. ಬೆಟ್ಟದಲ್ಲಾಗಲಿ ಪಟ್ಟಣದಲ್ಲಾಗಲಿ ಸಂಪುಟ ಸೇರಿದರೆ, ನಿರ್ಧಾರದ ಕಾರಣಗಳೂ ಸಭೆಗೆ ತಗುಲಿದ ಖರ್ಚೂ ಸರಳ ಕನ್ನಡದಲ್ಲಿ ತಡವಿಲ್ಲದೆ ಪ್ರಕಟವಾಗಬೇಕು. ಶಾಸಕಾಂಗ ಸಮಿತಿಗಳು ಸಾಕ್ಷ್ಯ ಕೇಳುವ ಹಂತವನ್ನಾದರೂ ಜನರಿಗೆ ತೆರೆಯಬೇಕು. ನೀರಾವರಿಯಂಥ ಯೋಜನೆಯ ಪರಿಶೀಲನೆ ಅದು ತಲುಪಬೇಕಾದ ಊರಿನಲ್ಲೇ, ರೈತರ ಎದುರಿನಲ್ಲೇ ನಡೆಯಬೇಕು. ಸದಸ್ಯರು ಒಮ್ಮೆ ಪೂರಿಗಾಲಿಯ ಶಾಲೆಯಲ್ಲಿ ಬೆಂಚು ಹಾಕಿಸಿಕೊಂಡು ಕುಳಿತರೆ, ಯಾವ ಹೊಲಕ್ಕೆ ನೀರು ಬಂದಿದೆ, ಯಾವುದಕ್ಕೆ ಬಂದಿಲ್ಲ ಎಂಬುದನ್ನು ರೈತರೇ ಅವರ ಮುಂದೆ ಹೇಳುತ್ತಾರೆ.