ಪವಿತ್ರ ನಗರದ ಹಳೇ ಚಿತ್ರ

ಜೆರುಸಲೇಂ ಪಟ್ಟಣವು ಯಹೂದಿಯರು, ಕ್ರೈಸ್ತರು, ಮುಸ್ಲಿಮರು ಮೂವರಿಗೂ ಪವಿತ್ರವಾದದ್ದು. ಕ್ಯಾಮರಾ ಇಲ್ಲದ ಕಾಲದಲ್ಲಿ ಅದು ಹೇಗಿತ್ತು ಅಂತ ದೂರದ ಜನಕ್ಕೆ ಹೇಗೆ ಗೊತ್ತಾಯಿತು?

೧೪೮೩ರಲ್ಲಿ ಎರ್ಹಾರ್ಡ್ ರಾಯ್‌ವಿಖ್ ಎಂಬ ಚಿತ್ರಕಾರನು ಕ್ರೈಸ್ತ ಯಾತ್ರಿಕರ ಜೊತೆ ಅಲ್ಲಿಗೆ ಹೋಗಿ ಕಣ್ಣಾರೆ ನೋಡಿದನು. ಅವನ ಚಿತ್ರ ೧೪೮೬ರಲ್ಲಿ ಜರ್ಮನಿಯ ಮೈನ್ಜ್ ಪಟ್ಟಣದಲ್ಲಿ ಪುಸ್ತಕದೊಳಗೆ ಅಚ್ಚಾಯಿತು.

ಅಚ್ಚು ಹಾಕುವುದು ಹೇಗೆ ಗೊತ್ತಾ? ಮರದ ಹಲಗೆಯಲ್ಲಿ ಚಿತ್ರವನ್ನು ಎಡಬಲ ತಿರುಗಿಸಿ ಕೆತ್ತುತ್ತಾರೆ. ಗೆರೆಗಳು ಮಾತ್ರ ಉಬ್ಬಿ ನಿಲ್ಲುತ್ತವೆ. ಮಸಿ ಬಳಿದು ಕಾಗದ ಒತ್ತಿದರೆ ಸರಿಯಾದ ಚಿತ್ರ ಮೂಡುತ್ತದೆ. ನಮ್ಮ ಶಾಲೆಯ ಮೊಹರು ಇದ್ದ ಹಾಗೆ!

ಚಿತ್ರದಲ್ಲಿ ಒಂದು ದೊಡ್ಡ ಗುಮ್ಮಟ ಇದೆ. ಅದಕ್ಕೆ ‘ಸೊಲೊಮೋನನ ದೇವಾಲಯ’ ಅಂತ ಲ್ಯಾಟಿನ್ ಭಾಷೆಯಲ್ಲಿ ಹೆಸರು ಬರೆದಿದೆ. ಆದರೆ ಅದು ತಪ್ಪು. ಸೊಲೊಮೋನನ ದೇವಾಲಯವನ್ನು ಕ್ರಿ.ಪೂ. ೫೮೬ರ ಸುಮಾರಿಗೇ ಬ್ಯಾಬಿಲೋನಿನ ಸೈನ್ಯ ಹಾಳು ಮಾಡಿತ್ತು. ಈ ಗುಮ್ಮಟವನ್ನು ಮುಸ್ಲಿಮರು ಕ್ರಿ.ಶ. ೬೯೧ರ ಸುಮಾರಿಗೆ ಕಟ್ಟಿಸಿದರು. ಅದು ಇವತ್ತಿಗೂ ಅಲ್ಲೇ ಇದೆ.

ಅಂದರೆ ಗುಮ್ಮಟ ಅವನು ಕಂಡಿದ್ದು, ಹೆಸರು ಆಗಿನ ಯಾತ್ರಿಕರು ನಂಬಿದ್ದು. ಆದ್ದರಿಂದ ಹಳೇ ಚಿತ್ರ ಸಿಕ್ಕರೆ ಎರಡು ಪ್ರಶ್ನೆ ಕೇಳೋಣ: ಬರೆದವನು ಕಂಡಿದ್ದು ಯಾವುದು? ನಂಬಿದ್ದು ಯಾವುದು?

– ೭ನೇ ತರಗತಿ